ಅಗ್ನಿಪರ್ವತದ ದ್ವೀಪಗಳಲ್ಲಿ ಒಬ್ಬ ಪಾದ್ರಿಯ ಮಗಳು

ಶಾಂತಸಾಗರದ ಭೂಪಟವನ್ನು ಗೋಡೆಗೆ ತೂಗಹಾಕಿ, ಅದರ ನಡುವೆ ಸಾಸಿವೆ ಚೆಲ್ಲಿದಂತೆ ಕಾಣುವ ಕೆಲವು ಚುಕ್ಕೆಗಳನ್ನು ಕೋಲಿನಿಂದ ತೋರಿಸಿ, “ಇವು ಹವಾಯಿ ದ್ವೀಪಗಳು” ಎಂದು ಹೇಳಿ ಮುಂದಕ್ಕೆ ಸಾಗುವುದು ಭೂಗೋಳ ಕಲಿಸುವವರ ವಾಡಿಕೆ. ನಾನೂ ಅನೇಕ ವರ್ಷ ಹಾಗೆಯೇ ಮಾಡಿದೆನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು. ಇಸಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಮಹಿಳೆಯು ಅಲ್ಲಿಂದ ತನ್ನ ತಂಗಿಗೆ ಬರೆದ ಕಾಗದಗಳ ಪುಸ್ತಕವನ್ನು ಓದಿದ ಮೇಲೆ ಆ ಚುಕ್ಕೆಗಳನ್ನು ಅಷ್ಟು ಬೇಗನೆ ದಾಟಿಹೋಗಲು ನನ್ನಿಂದ ಆಗಲಿಲ್ಲ.

ಈಕೆಯು 1831ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿದ ಒಬ್ಬ ಪಾದ್ರಿಯ ಮಗಳು. ಎಳೆತನದಿಂದಲೂ ಬೆನ್ನುಹುರಿಯ ನೋವಿನಿಂದ ನರಳುತ್ತಿದ್ದಳು. ಹದಿನೆಂಟನೆಯ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯಾದರೂ ಪೂರ್ಣ ಗುಣವಾಗಲಿಲ್ಲ. ಮನೆಯಲ್ಲಿ ಸೋಫಾದ ಮೇಲೆ ಮಲಗಿಯೇ ಕಾಲ ಕಳೆಯಬೇಕಾಗಿದ್ದ ಈಕೆಗೆ ವೈದ್ಯರು ಸಮುದ್ರಪ್ರಯಾಣವನ್ನು ಸೂಚಿಸಿದರು. ಶಾಲೆಯಿಂದ ಪ್ರವಾಸಕ್ಕೆ ಅನುಮತಿಯನ್ನು ಕೇಳಿದಾಗ “ಹುಡುಗಿಗೆ ಮೈಯಲ್ಲಿ ಅಷ್ಟು ಶಕ್ತಿ ಸಾಲದು” ಎಂದು ಬರೆದು ಕಳುಹಿಸುವ ತಂದೆತಾಯಿಗಳು ಈ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಬೇಕು. ನಾಲ್ವತ್ತೊಂದನೆಯ ವಯಸ್ಸಿನವರೆಗೆ ಮನೆಯ ವಿಶ್ರಾಂತಿಯು ಕೊಡಲಾರದ ಆರೋಗ್ಯವನ್ನು ಈಕೆಗೆ ಕುದುರೆಯ ಬೆನ್ನು ಕೊಟ್ಟಿತು.

ಈಕೆ ಹವಾಯಿಗೆ ಹೊರಟವಳೇ ಅಲ್ಲ. 1873ರ ಜನವರಿಯಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಿಂದ ಅಮೆರಿಕಕ್ಕೆ ಹೋಗುವ “ನೆವಾಡಾ” ಎಂಬ ಹಳೆಯ ಹೊಗೆಹಡಗನ್ನು ಹತ್ತಿದಳು. ದಾರಿಯಲ್ಲಿ ಭಯಂಕರವಾದ ಬಿರುಗಾಳಿ ಹೊಡೆಯಿತು. ಹಡಗಿನಲ್ಲಿ ಒಬ್ಬ ಯುವಕನಿಗೆ ರೋಗವು ಉಲ್ಬಣಿಸಿ ರಕ್ತಸ್ರಾವವಾಯಿತು. ಪರಸ್ಥಳದಲ್ಲಿ ಅವನ ತಾಯಿಯನ್ನು ಒಂಟಿಯಾಗಿ ಬಿಡಬಾರದೆಂದು ಈಕೆಯೂ ಹೊನೊಲುಲುವಿನಲ್ಲಿ ಇಳಿದಳು. ಹಾಗೆ ಇಳಿದವಳು ಆರು ತಿಂಗಳಿಗೂ ಮಿಕ್ಕಿ ಅಲ್ಲಿಯೇ ನಿಂತಳು.

ಈ ದ್ವೀಪಗಳು ಅಮೆರಿಕದ ಕರಾವಳಿಯಿಂದ 2,000 ಮೈಲಿಗೂ ಹೆಚ್ಚು ದೂರದಲ್ಲಿವೆ. ದೊಡ್ಡ ದ್ವೀಪವಾದ ಹವಾಯಿಯ ಹಿಲೊ ಊರು ನಮ್ಮ ಮುಂಬಯಿಗೆ ಸಮೀಪವಾದ ಅಕ್ಷಾಂಶದಲ್ಲಿದೆ. ಆದುದರಿಂದಲೇ ಅಲ್ಲಿಯ ಬದುಕಿನ ವರ್ಣನೆಯು ಕರಾವಳಿಯ ನಮ್ಮವರಿಗೆ ಅಪರಿಚಿತವೆನಿಸುವುದಿಲ್ಲ. ತೆಂಗು, ಬಾಳೆ, ಹಲಸಿಗೆ ಹತ್ತಿರದ ಸಂಬಂಧಿಯಾದ ದೀವಿಹಲಸು, ಕೇದಗೆಯ ಜಾತಿಯ ಎಲೆಯಿಂದ ಹೆಣೆದ ಚಾಪೆ, ಗಂಡಸರೂ ಹೆಂಗಸರೂ ಕೊರಳಿಗೆ ಹಾಕಿಕೊಳ್ಳುವ ಹೂಮಾಲೆ, ಎಲ್ಲವೂ ಅಲ್ಲಿವೆ. ಅವರ ಮುಖ್ಯ ಆಹಾರವಾದ “ಪೋಯಿ” ಎಂಬುದು ಕೆಸವಿನ ಗೆಡ್ಡೆಯಿಂದಾದುದು. ಗೆಡ್ಡೆಯನ್ನು ನೆಲದೊಳಗಿನ ಒಲೆಯಲ್ಲಿ ಕಾದ ಕಲ್ಲುಗಳ ನಡುವೆ ಬೇಯಿಸಿ, ಕಲ್ಲಿನ ಗುಂಡಿನಿಂದ ಕುಟ್ಟಿ, ನೀರು ಬೆರಸಿ ಹುಳಿಯಾಗಲು ಬಿಡುವರು. ಎಲ್ಲರೂ ಒಂದೇ ಬುರುಡೆಯ ಸುತ್ತಲೂ ಕುಳಿತು ಬೆರಳಿನಿಂದ ಎತ್ತಿ ತಿನ್ನುವರು. ಒಂದು ಬೆರಳಿಗೆ ನಿಲ್ಲುವಷ್ಟು ಗಟ್ಟಿಯೋ ಎರಡು ಬೆರಳು ಬೇಕಾಗುವಷ್ಟು ತೆಳುವೋ ಎಂಬುದರ ಮೇಲೆ ಅದಕ್ಕೆ ಹೆಸರು. ನಮ್ಮ ಮನೆಗಳ ಅಂಬಲಿಗೂ ಇಂತಹ ಲೆಕ್ಕವಿದ್ದರೆ ಚೆನ್ನಾಗಿತ್ತು!

ಹಿಲೊದಲ್ಲಿ ಈಕೆಗೆ ಒಂದು ಸಂಕಟ ಬಂದಿತು. ಕಾಲುಗಳೆರಡನ್ನೂ ಒಂದೇ ಪಕ್ಕಕ್ಕೆ ಇಳಿಬಿಟ್ಟು ಕುದುರೆಯ ಮೇಲೆ ಕೂರುವುದು ಆ ಕಾಲದ ಇಂಗ್ಲಿಷ್ ಹೆಂಗಸರ ಮರ್ಯಾದೆ. ಹಾಗೆ ಕುಳಿತರೆ ಆಕೆಯ ಬೆನ್ನು ಸಹಿಸಲಾರದಷ್ಟು ನೋಯುತ್ತಿತ್ತು. ಅಗ್ನಿಪರ್ವತವನ್ನು ನೋಡುವ ಆಸೆಯನ್ನೇ ಬಿಡುವ ಸ್ಥಿತಿಯಾಯಿತು. ಹವಾಯಿಯ ಹೆಂಗಸರಾದರೋ ಗಂಡಸರಂತೆಯೇ ಕುದುರೆಯ ಇಬ್ಬದಿಗೂ ಕಾಲು ಹಾಕಿ ಕುಳಿತು ಓಡಿಸುತ್ತಿದ್ದರು. ನೀನೂ ಹಾಗೆಯೇ ಕೂರು ಎಂದು ಆತಿಥ್ಯ ನೀಡಿದವರು ಸಲಹೆ ಮಾಡಿದರು. ಸಂಕೋಚಪಟ್ಟರೂ ಹಾಗೆಯೇ ಕುಳಿತಳು, ನೋವು ಹೋಯಿತು. ಕಣಕಾಲಿನವರೆಗಿನ ಲಂಗ ಮತ್ತು ಅದರೊಳಗೆ ಅಗಲವಾದ ಇಜಾರು ಆಕೆಯ ಉಡುಪು. ಕೆಲವು ವರ್ಷಗಳ ತರುವಾಯ ಪತ್ರಿಕೆಯೊಂದು ಆಕೆ ಗಂಡುಡುಗೆ ಉಡುತ್ತಾಳೆಂದು ಬರೆದಾಗ ಬಹಳ ಕೋಪಗೊಂಡು, ತನ್ನ ಮತ್ತೊಂದು ಪುಸ್ತಕದ ಮುಂದಿನ ಮುದ್ರಣದಲ್ಲಿ ಈ ಉಡುಪನ್ನು ವಿವರವಾಗಿ ವರ್ಣಿಸಿದಳು. ಬೆಂಕಿಯ ಕೆರೆಗೆ ಹೆದರದವಳು ಊರಮಾತಿಗೆ ಹೆದರಿದಳಲ್ಲಾ ಎಂದು ನನಗೆ ನಗುವೂ ಬಂದಿತು, ಮರುಕವೂ ಆಯಿತು.

ಬೆಂಕಿಯ ಕೆರೆ ಎಂಬುದು ಅಲಂಕಾರದ ಮಾತಲ್ಲ. ಹಿಲೊದಿಂದ ಸುಮಾರು ಮೂವತ್ತು ಮೈಲು ಮಳೆಯಲ್ಲಿ ಏರಿಹೋದರೆ ಕಿಲೌಯಿಯಾ ಎಂಬ ಜ್ವಾಲಾಮುಖಿ. ಅದರ ವಿಶಾಲವಾದ ಬಾಯೊಳಗೆ ಇಳಿದು, ತಣ್ಣಗಾಗಿ ಗಟ್ಟಿಯಾದ ಕರಿಯ ಶಿಲಾರಸದ ಮೇಲೆ ನಡೆದು, ನಡುವಿನ ಹಲೆಮೌಮೌ ಎಂಬ ಕುಳಿಯ ಅಂಚನ್ನು ಸೇರಬೇಕು. ಆಕೆ ಹೋದಾಗ ಅಲ್ಲಿ ಕರಗಿದ ಶಿಲೆಯು ಕಡಲಿನಂತೆ ಅಲೆಯೆದ್ದು ಕುದಿಯುತ್ತಿತ್ತು. ಮೇಲಿನ ಹೊರಪದರ ಕುಸಿದು ಆಕೆ ಬಿದ್ದು ಕೈಯೂರಿ ಏಳುವಷ್ಟರಲ್ಲಿ ದಪ್ಪ ಚರ್ಮದ ಕೈಗವಸುಗಳು ಸುಟ್ಟುಹೋದುವು. ಇದೇ ಕುಳಿಯ ಬಳಿಗೆ 1824ರಲ್ಲಿ ಕಪಿಯೊಲಾನಿ ಎಂಬ ದೇಶೀಯ ನಾಯಕಿಯು ಬಂದಿದ್ದಳು. ಪೆಲೆ ಎಂಬ ಅಗ್ನಿದೇವತೆಗೆ ಅರ್ಪಿಸದೆ ಯಾರೂ ತಿನ್ನಕೂಡದಾಗಿದ್ದ ಹಣ್ಣುಗಳನ್ನು ತಿಂದು, ಕ್ರಿಸ್ತನ ಹೆಸರಿನಲ್ಲಿ ಪ್ರಾರ್ಥಿಸಿ, ಕ್ಷೇಮವಾಗಿ ಹಿಂದಿರುಗಿದಳು. ಈ ಕಥೆಯನ್ನು ನಮ್ಮ ಸಂಡೇಸ್ಕೂಲಿನಲ್ಲಿ ಅನೇಕರು ಕೇಳಿರುವಿರಿ. ಆದರೆ ಹೆಂಗಸರು ಗಂಡಸರೊಡನೆ ಉಣ್ಣಬಾರದು, ಬಾಳೆಹಣ್ಣನ್ನೂ ತೆಂಗಿನಕಾಯಿಯನ್ನೂ ಮುಟ್ಟಬಾರದು ಎಂಬ ಹಳೆಯ ನಿಷೇಧವು ಮುರಿದುದು 1819ರಲ್ಲಿ. ರಾಣಿ ಕಾಹುಮನು ಮೊದಲಾದವರ ಪ್ರೇರಣೆಯಿಂದ ಎಳೆಯ ಅರಸನು ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡನು. ಮೊದಲ ಮಿಷನೆರಿಗಳು ಬಂದುದು 1820ರಲ್ಲಿ. ಆ ಬಾಗಿಲನ್ನು ಹವಾಯಿಯ ಹೆಂಗಸರೇ ತೆರೆದಿದ್ದರೆಂಬುದನ್ನು ನಾವು ಮರೆತು ಹೇಳುವುದು ನ್ಯಾಯವಲ್ಲ.

ವೈಪಿಯೊ ಕಣಿವೆಗೆ ಹೋಗಿ ಬರುವಾಗ ಮಳೆ ಸುರಿದು ಹಳ್ಳಗಳೆಲ್ಲ ತುಂಬಿ ಹರಿದವು. ಜೊತೆಗಿದ್ದವಳು ಹದಿನೇಳು ವರ್ಷದ ದೇಶೀಯ ಹುಡುಗಿ ದೆಬೋರಾ. ಒಂದು ಹಳ್ಳದಲ್ಲಿ ಕುದುರೆಗಳು ನೆಲೆ ತಪ್ಪಿ ಈಜತೊಡಗಿ, ಪ್ರವಾಹವು ಅವರನ್ನು ಕಡಲಿನ ಕಡೆಗೆ ಸೆಳೆಯಿತು. ಸಾವೇ ಬಂದಿತೆಂದು ಆಕೆ ಎಣಿಸಿದಳು. ಹೇಗೋ ದಡ ಸೇರಿದರು. ಜೂನಿನಲ್ಲಿ 13,600 ಅಡಿಗೂ ಮಿಕ್ಕ ಮೌನಾ ಲೋವಾ ಪರ್ವತವನ್ನೇರಿ, ಅದರ ಜ್ವಾಲಾಮುಖದ ಅಂಚಿನಲ್ಲಿಯೇ ಗುಡಾರ ಹಾಕಿ ಮಲಗಿದಳು. ಪಕ್ಕದಲ್ಲಿ ಬೆಂಕಿಯ ಕಾರಂಜಿ. ಗುಡಾರದಲ್ಲಿ ನೀರು ಹೆಪ್ಪುಗಟ್ಟುವ ಚಳಿ.

ಆದರೆ ಆ ಕಾಗದಗಳಲ್ಲಿ ಸಂತೋಷ ಮಾತ್ರವೇ ಇಲ್ಲ. ಆಕೆ ಕಂಡ ಜನರು ಬಹುಮಟ್ಟಿಗೆ ಎಲ್ಲರೂ ಓದುಬರಹ ಬಲ್ಲವರು. ಮಿಷನೆರಿಗಳು ಹನ್ನೆರಡು ಅಕ್ಷರಗಳಲ್ಲಿ ಆ ಭಾಷೆಗೆ ಲಿಪಿಯನ್ನು ಗೊತ್ತುಮಾಡಿ, 1839ರೊಳಗಾಗಿ ಸತ್ಯವೇದವನ್ನು ಪೂರ್ತಿಯಾಗಿ ಅಚ್ಚುಹಾಕಿದ್ದರು. ಓದುವ ಜನರೇ ಕರಗಿಹೋಗುತ್ತಿದ್ದರು. 1778ರಲ್ಲಿ ಕಪ್ತಾನ ಕುಕ್ ಬಂದ ಕಾಲಕ್ಕೆ ಲಕ್ಷಗಟ್ಟಲೆಯಿದ್ದವರು, ಹೊರಗಿನಿಂದ ಬಂದ ರೋಗಗಳಿಂದಾಗಿ 1872ರ ಜನಗಣತಿಯಲ್ಲಿ ಪರದೇಶದವರೂ ಸೇರಿ ಸುಮಾರು 57,000 ಮಾತ್ರ. ಕುಷ್ಠರೋಗಿಗಳನ್ನು ಮೊಲೊಕಾಯಿ ದ್ವೀಪಕ್ಕೆ ಸಾಗಿಸುತ್ತಿದ್ದರು. ಪಾದ್ರಿ ದಾಮಿಯೆನ್ ಅವರ ಸೇವೆಗೆ ಹೋದುದು ಅದೇ 1873ರ ಮೇ ತಿಂಗಳಲ್ಲಿ. ಇಪ್ಪತ್ತು ವರ್ಷಗಳ ಮೇಲೆ, 1893ರಲ್ಲಿ, ಅಲ್ಲಿಯ ರಾಣಿಯನ್ನು ಸಿಂಹಾಸನದಿಂದ ಇಳಿಸಿದವರಲ್ಲಿ ಮಿಷನೆರಿಗಳ ಮಕ್ಕಳೂ ಮೊಮ್ಮಕ್ಕಳೂ ಇದ್ದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಭಾಷೆಯನ್ನಾಗಿ ಮಾಡಿತು. ಅಜ್ಜಿಯರು ಅಚ್ಚುಪುಸ್ತಕದಲ್ಲಿ ಓದುತ್ತಿದ್ದ ನುಡಿಯನ್ನು ಮೊಮ್ಮಕ್ಕಳು ಮರೆತರು. 1978ರಲ್ಲಿ ಅದಕ್ಕೆ ಪುನಃ ರಾಜ್ಯಭಾಷೆಯ ಸ್ಥಾನ ದೊರೆಯಿತು. 1984ರಿಂದ ಎಳೆಯ ಮಕ್ಕಳಿಗಾಗಿ ಆ ನುಡಿಯಲ್ಲಿಯೇ ನಡೆಯುವ ಶಿಶುವಿಹಾರಗಳು ಹುಟ್ಟಿದವು. ಕನ್ನಡದಲ್ಲಿ ಪ್ರಾರ್ಥಿಸುವುದನ್ನು ಮಕ್ಕಳಿಗೆ ಕಲಿಸಬೇಕೇ ಎಂದು ಈಚೆಗೆ ನನ್ನನ್ನು ಕೇಳಿದ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ನಾನು ಈ ವೃತ್ತಾಂತವನ್ನೇ ಬರೆದು ಕಳುಹಿಸಿದೆನು.

ಕಾಗದಗಳು 1875ರಲ್ಲಿ ಪುಸ್ತಕವಾಗಿ ಹೊರಟವು. ಅವನ್ನು ಮೊದಲು ಓದಿದ ತಂಗಿ ಹೆನ್ರಿಯೆಟ್ಟಾ 1880ರಲ್ಲಿ ತೀರಿಕೊಂಡಳು. ಮರುವರ್ಷ ಕೈಹಿಡಿದ ವೈದ್ಯ ಬಿಷಪ್ ಎಂಬವರೂ 1886ರಲ್ಲಿ ತೀರಿಹೋದರು. ಆಗ ಆಕೆ ನಮ್ಮ ದೇಶಕ್ಕೆ ಬಂದು, ಕಾಶ್ಮೀರದಲ್ಲಿ ಗಂಡನ ಹೆಸರಿನಲ್ಲಿ ಒಂದು, ಪಂಜಾಬಿನಲ್ಲಿ ತಂಗಿಯ ಹೆಸರಿನಲ್ಲಿ ಒಂದು, ಹೀಗೆ ಎರಡು ಮಿಷನ್ ಆಸ್ಪತ್ರೆಗಳನ್ನು ಸ್ಥಾಪಿಸಿದಳು. 1892ರಲ್ಲಿ ಲಂಡನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯು ಮೊದಲಬಾರಿಗೆ ಹೆಂಗಸರನ್ನು ಸದಸ್ಯರನ್ನಾಗಿ ಆರಿಸಿದಾಗ ಅವರಲ್ಲಿ ಈಕೆಯೂ ಒಬ್ಬಳು. 1904ರಲ್ಲಿ ಎಡಿನ್‌ಬರೋ ನಗರದಲ್ಲಿ ಆಕೆ ತೀರಿಕೊಂಡಾಗ ಎಪ್ಪತ್ತೆರಡು ವರ್ಷ ವಯಸ್ಸು. ಚೀನಾ ದೇಶಕ್ಕೆ ಮತ್ತೊಮ್ಮೆ ಹೋಗಬೇಕೆಂಬ ಯೋಚನೆಯಲ್ಲಿದ್ದಳು.