ಯಂತ್ರಕ್ಕೆ ಬಿಳಿಯ ಅಂಗಿ

ಬಣ್ಣ ಹಚ್ಚುವುದು ಸುಲಭದ ಕೆಲಸವೆಂದು ನಾವು ಈ ಸಲದ ಆಷಾಢದವರೆಗೂ ನಂಬಿಕೊಂಡಿದ್ದೆವು. ಡಬ್ಬಿ ತರುವುದು, ಅಲುಗಿಸುವುದು, ಒತ್ತುವುದು, ಮುಗಿಯಿತು. ಹನ್ನೆರಡು ವರ್ಷಗಳಿಂದ ಸರಕಾರಿ ಕಚೇರಿಯಲ್ಲಿ ಕಡತಗಳ ಮೇಲೆ ಟಿಪ್ಪಣಿ ಬರೆದು ಹೊಟ್ಟೆ ಹೊರೆದ ನಮ್ಮಂಥವರಿಗೆ ಕೈಯಿಂದ ಮಾಡುವ ಕೆಲಸಗಳೆಲ್ಲ ಸುಲಭವಾಗಿಯೇ ತೋರುತ್ತವೆ. ಮಾಡುವವರು ಬೇರೆಯವರಾದರೆ ಇನ್ನೂ ಸುಲಭ.

ಡೊಂಬಿವಿಲಿಯಲ್ಲಿ ನಮ್ಮದು ಎರಡು ಕೋಣೆಯ ಮನೆ. ನಾವು, ನಮ್ಮಾಕೆ, ನಮ್ಮ ತಮ್ಮ ಮತ್ತು ನಮ್ಮ ತಂದೆಯವರು. ತಂದೆಯವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಬಣ್ಣ ಹಚ್ಚುವ ಕೆಲಸದಲ್ಲಿದ್ದವರು. ೧೯೮೧ರಲ್ಲಿ ಸೇರಿ ೨೦೧೯ರಲ್ಲಿ ನಿವೃತ್ತರಾದರು. ತಾಯಿಯವರು ತೀರಿಕೊಂಡ ಮೇಲೆ, ೨೦೨೨ರಲ್ಲಿ, ನಮ್ಮ ಒತ್ತಾಯಕ್ಕೆ ಇಲ್ಲಿಗೆ ಬಂದರು. ಬಂದವರು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಅಲ್ಲಿಂದ ಲೋಕಲ್ ಗಾಡಿಗಳು ಕಾಣುತ್ತವೆ. ಮಾತು ಕಡಿಮೆ. ತಿಂಗಳಿಗೊಮ್ಮೆ ಮಾತ್ರ, “ನಾ ಹುಬ್ಬಳ್ಳಿಗೆ ಹೋಗಿಬಿಡ್ತೀನಿ, ಅಲ್ಲಿ ನನ್ನ ಕೈಗೆ ಕೆಲಸರ ಸಿಗತದ” ಎನ್ನುವರು. ಅಲ್ಲಿ ಬೀಗ ಹಾಕಿದ ಮನೆಯ ಹೊರತು ಏನೂ ಇಲ್ಲವೆಂಬುದು ಅವರಿಗೂ ಗೊತ್ತು, ನಮಗೂ ಗೊತ್ತು. ಊರು ಬಿಟ್ಟು ಬಂದ ಮಕ್ಕಳ ಹಿಂದೆ ಮುಪ್ಪಿನಲ್ಲಿ ಬಂದ ಹಿರಿಯರು ಇರುವ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾದ್ದಿಲ್ಲ.

ತಮ್ಮನದು ಬೇರೆಯೇ ಲೋಕ. ಮದುವೆಗಳ ಚಿತ್ರಣವನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸಿ ಕೊಡುವುದು ಅವನ ಉದ್ಯೋಗ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಇದನ್ನು ಹಿಡಿದನೆಂದು ತಂದೆಯವರಿಗೆ ಸಿಟ್ಟು. ಇಬ್ಬರ ನಡುವೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಿತ್ತು.

ಈ ತಮ್ಮನ ಕಂಪ್ಯೂಟರಿನ ಪೆಟ್ಟಿಗೆ ಬಿಳಿಯದು. ಒಂದು ಪಕ್ಕಕ್ಕೆ ಗಾಜು. ನಾವು ಚಿಕ್ಕವರಿದ್ದಾಗ ಕಂಪ್ಯೂಟರೆಂದರೆ ಕೆನೆಬಣ್ಣದ ತಗಡಿನ ಪೆಟ್ಟಿಗೆ. ಅದನ್ನು ಮೇಜಿನ ಕೆಳಗೆ ತಳ್ಳಿಬಿಟ್ಟರೆ ಒಳಗೆ ಏನು ಬಣ್ಣವಿದೆಯೆಂದು ಕೇಳುವವರಿರಲಿಲ್ಲ. ಸುಮಾರು ೨೦೧೬ರಿಂದೀಚೆಗೆ ಗಾಜಿನ ಪಕ್ಕವುಳ್ಳ ಪೆಟ್ಟಿಗೆಗಳು ಸಾಮಾನ್ಯವಾದವು. ಅಲ್ಲಿಂದ ಯಂತ್ರದ ಒಳಗೂ ಒಂದು ದಿವಾನಖಾನೆ ಹುಟ್ಟಿಕೊಂಡಿತು. ತಮ್ಮನ ಪೆಟ್ಟಿಗೆಯಲ್ಲಿ ಬೀಸಣಿಗೆ ಬಿಳಿ, ತಂತಿ ಬಿಳಿ. ನಟ್ಟನಡುವೆ ಕೂತ ಗ್ರಾಫಿಕ್ಸ್ ಕಾರ್ಡೊಂದು ಮಾತ್ರ ಕೆಂಪು-ಕಪ್ಪು. ತಿಳಿಬಣ್ಣದ ಸೀರೆಗಳ ನಡುವೆ ರಕ್ತವರ್ಣದ ಶಾಲು ಹೊದ್ದು ಕುಳಿತ ಬೀಗರಂತೆ ಅದು ಎದ್ದು ಕಾಣುತ್ತಿತ್ತು.

ಕೆಂಪು-ಕಪ್ಪು ಆ ಕಾರ್ಡು ಹುಟ್ಟಿದ ಕಾಲದ ಶೋಕಿ. ಅದು ರೇಡಿಯಾನ್ ಆರ್‌ಎಕ್ಸ್ ೫೮೦. ಈ ಮಾದರಿ ೨೦೧೭ರಲ್ಲಿ ಹೊರಬಂತು. ಹೊಸದಾಗಿದ್ದಾಗ ನಮಗೆ ಎಟುಕುವ ವಸ್ತುವಲ್ಲ. ಆದರೆ ೨೦೨೨ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಅಂಕೀಯ ನಾಣ್ಯ ತನ್ನ ಪದ್ಧತಿಯನ್ನೇ ಬದಲಿಸಿಕೊಂಡಿತು. ಇಂಥ ಕಾರ್ಡುಗಳನ್ನು ಹಗಲಿರುಳು ದುಡಿಸಿ ಆ ನಾಣ್ಯ ಗಳಿಸುತ್ತಿದ್ದವರ ದಾರಿ ಮುಚ್ಚಿತು. ಅವರು ಮಾರಿದ ಕಾರ್ಡುಗಳು ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರಸ್ತೆಗೂ ಬಂದವು. ತಮ್ಮ ಅಲ್ಲಿಂದ ಆರೂವರೆ ಸಾವಿರಕ್ಕೆ ಒಂದನ್ನು ತಂದ. ಜವಾಬುದಾರಿ ಯಾರದೂ ಇಲ್ಲ, ಕೆಟ್ಟರೆ ಕೆಟ್ಟಿತು.

ಆಷಾಢದಲ್ಲಿ ಮದುವೆಗಳಿಲ್ಲ. ಆದುದರಿಂದ ಇದೇ ಸಮಯವೆಂದು ಕಾರ್ಡಿಗೆ ಬಿಳಿ ಬಣ್ಣ ಹಚ್ಚಲು ಅವನು ಹೊರಟ. ಕೈಯಲ್ಲಿ ಉಳಿದಿದ್ದ ಒಂದು ಮದುವೆಯ ಕೆಲಸವನ್ನು ತಿಂಗಳ ಕೊನೆಗೆ ಕೊಡಬೇಕಿತ್ತು; ಎರಡು ದಿನದ ಮಾತು, ಏನೂ ಅಡ್ಡಿಯಿಲ್ಲವೆಂದ. ಆಷಾಢದಲ್ಲಿ ಮದುವೆಗಳು ಇರುವುದಿಲ್ಲ ನಿಜ, ಆದರೆ ಮಳೆ ಇರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕಾರ್ಡನ್ನು ಬಿಚ್ಚಿ ಹಾಸಿದಾಗ ನಾವೂ ಹತ್ತಿರ ಕುಳಿತು ನೋಡಿದೆವು. ಹಸಿರು, ಕಪ್ಪು ಹಲಗೆಯ ನಡುವೆ ಅಂಚೆಚೀಟಿಗಿಂತ ಚಿಕ್ಕದೊಂದು ಹೊಳೆಯುವ ಬಿಲ್ಲೆ. ಅದರಲ್ಲಿ ೫೭೦ ಕೋಟಿ ಟ್ರಾನ್ಸಿಸ್ಟರುಗಳಿವೆಯಂತೆ. ಎಣಿಸಿ ನೋಡುವ ಪ್ರಮೇಯ ಬರಲಿಲ್ಲ. ಪೂರ್ತಿ ದುಡಿಯುವಾಗ ಈ ಕಾರ್ಡು ಸುಮಾರು ೧೮೫ ವ್ಯಾಟ್ ವಿದ್ಯುತ್ತನ್ನು ನುಂಗುತ್ತದೆ, ಅಷ್ಟೂ ಕೊನೆಗೆ ಶಾಖವಾಗುತ್ತದೆ. ಹಿಂದಿನ ಕಾಲದ ೬೦ ವ್ಯಾಟಿನ ಬಲ್ಬುಗಳನ್ನು ಮೂರು ಒಟ್ಟಿಗೆ ಉರಿಸಿ ಅಂಗೈಯಲ್ಲಿ ಹಿಡಿದಂತೆ. ಆ ಶಾಖವನ್ನು ಹೊರಹಾಕಲು ಬಿಲ್ಲೆಯ ಮೇಲೆ ಲೋಹದ ತಟ್ಟೆ, ತಟ್ಟೆಯಿಂದ ಹೊರಟ ತಾಮ್ರದ ಕೊಳವೆಗಳು. ಕೊಳವೆಗಳೊಳಗೆ ಚೂರು ದ್ರವವಿದ್ದು ಕಾದ ತುದಿಯಲ್ಲಿ ಆವಿಯಾಗಿ ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗುತ್ತದೆ. ಕೊಳವೆಗಳ ಸುತ್ತ ಪುಸ್ತಕದ ಹಾಳೆಗಳಂತೆ ಜೋಡಿಸಿದ ಅಲ್ಯೂಮಿನಿಯಮ್ಮಿನ ತೆಳು ಗರಿಗಳು. ಅವುಗಳ ಮೇಲೆ ಗಾಳಿ ಬೀಸುವ ಎರಡು ಬೀಸಣಿಗೆ. ಇಷ್ಟನ್ನೂ ಮುಚ್ಚಿರುವುದೇ ಆ ಕೆಂಪು-ಕಪ್ಪು ಪ್ಲಾಸ್ಟಿಕ್ ಅಂಗಿ.

“ಗರಿಗಳಿಗೂ ಬಿಳಿ ಹೊಡೆದುಬಿಡು, ಚೆನ್ನಾಗಿ ಕಂಡೀತು” ಎಂದು ನಾವು ಸಲಹೆ ಕೊಟ್ಟೆವು. ತಮ್ಮ ನಕ್ಕ. ಗರಿಗಳ ನಡುವಿನ ಸಂದು ಒಂದೆರಡು ಮಿಲಿಮೀಟರು. ಬಣ್ಣ ಅಲ್ಲಿ ಕಟ್ಟಿಕೊಂಡರೆ ಗಾಳಿಗೆ ದಾರಿಯಿಲ್ಲ, ಬಣ್ಣದ ಪದರವೂ ಶಾಖಕ್ಕೆ ಕಂಬಳಿ ಹೊದೆಸಿದಂತೆ. ಬಿಲ್ಲೆಗೆ ಒರಗುವ ತಟ್ಟೆಗಂತೂ ಬಣ್ಣದ ಹನಿಯೂ ತಾಕಬಾರದು. ಬೀಸಣಿಗೆಯ ರೆಕ್ಕೆಗಳಿಗೂ ಬೇಡ. ಒಂದು ರೆಕ್ಕೆಯ ಮೇಲೆ ಬಣ್ಣ ಹೆಚ್ಚಾದರೆ ತೂಕ ತಪ್ಪಿ ನಡುಗುತ್ತದೆ. ಹಚ್ಚುವುದು ಅಂಗಿಗೆ ಮಾತ್ರ, ಅದೂ ಪೂರ್ತಿ ಬಿಚ್ಚಿ ಬೇರೆ ಇಟ್ಟು. ಬಿ.ಎ. ಓದಿದ ಅಣ್ಣ ಅಲ್ಲಿಂದ ಬಾಯಿ ಮುಚ್ಚಿಕೊಂಡ.

ಇಷ್ಟೆಲ್ಲ ತಿಳಿದಿದ್ದ ತಮ್ಮನಿಗೆ ಬಣ್ಣವೊಂದು ತಿಳಿದಿರಲಿಲ್ಲ. ಧೋ ಎಂದು ಮಳೆ ಸುರಿಯುವ ಸಂಜೆ, ಗ್ಯಾಲರಿಯಲ್ಲಿ ಅಂಗಿಯನ್ನಿಟ್ಟು, ಗೇಣು ದೂರದಿಂದ ಒಂದೇ ಸಲಕ್ಕೆ ದಪ್ಪವಾಗಿ ಹೊಡೆದ. ರಾತ್ರಿ ನೋಡಿದರೆ ಕೆಳಗಿನ ಅಂಚಿನಲ್ಲಿ ಬಣ್ಣ ಹನಿಹನಿಯಾಗಿ ಇಳಿದಿತ್ತು. ಮೇಲ್ಭಾಗ ಹೊಳಪಿಲ್ಲದೆ ಸುಣ್ಣ ಬಳಿದ ಗೋಡೆಯಂತಿತ್ತು. ಬೆಳಿಗ್ಗೆ ಉಗುರು ತಾಗಿಸಿದರೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಸುಲಿದು ಬಂತು. ತಮ್ಮ ತಲೆಯ ಮೇಲೆ ಕೈಹೊತ್ತು ಕುಳಿತ.

ಆಗ ತಂದೆಯವರು ಕುರ್ಚಿಯಿಂದ ಎದ್ದರು. ಬಂದು, ಆ ಪ್ಲಾಸ್ಟಿಕ್ಕನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಅದರ ಮೇಲೆ ಒಮ್ಮೆ ಸವರಿದರು. ಅವರು ಹಾಗೆ ಸವರಿದ್ದನ್ನು ನಾವು ಹುಡುಗರಿದ್ದಾಗ ನೋಡಿದ್ದೆವು.

“ಮಳಿಗಾಲದಾಗ ಯಾರರ ಹಿಂಗ ಹೊಡೀತಾರೇನೋ? ಇದು ಬಣ್ಣ ಅಲ್ಲ, ಬೆವರು. ಕೆಳಗಿನ ಮೈ ಒರಟು ಮಾಡಲಾರದ ಬಣ್ಣ ಹೆಂಗ ಹಿಡೀತದ?”

ಬೆವರೆಂಬ ಮಾತು ಅಕ್ಷರಶಃ ಸತ್ಯ. ಸ್ಪ್ರೇಯಲ್ಲಿನ ದ್ರಾವಕ ಬೇಗ ಆರುವಾಗ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಗಾಳಿ ತೇವವಾಗಿದ್ದರೆ ಅದರ ನೀರು ಹಸಿ ಬಣ್ಣದ ಮೇಲೆಯೇ ಕೂತು ಹಾಲುಗಟ್ಟುತ್ತದೆ. ೧೯೯೦ರ ದಶಕದಲ್ಲಿ ರೈಲುಡಬ್ಬಿಗಳು ಕೆಂಗಂದು ಬಣ್ಣದಿಂದ ನೀಲಿಗೆ ತಿರುಗಿದಾಗ, ಮಳೆಗಾಲದಲ್ಲಿ ಈ ಕಾಟದೊಡನೆ ತಾವು ಹೇಗೆ ಹೆಣಗಿದೆವೆಂಬುದನ್ನು ತಂದೆಯವರು ಅಂದು ಒಂದು ಗಂಟೆ ಹೇಳಿದರು. ನಮ್ಮ ಮನೆಗೆ ಬಂದ ಮೇಲೆ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು. ತಮ್ಮ ಕೇಳುತ್ತ ಕುಳಿತ.

ಆದರೆ ಅವರಿಗೂ ಎಲ್ಲ ಗೊತ್ತಿತ್ತೆಂದಲ್ಲ. ಹಳೆಯ ಬಣ್ಣವನ್ನು ಥಿನ್ನರಿನಿಂದ ತೊಳೆದುಬಿಡೋಣವೆಂದರು. ಉಕ್ಕಿಗೆ ಸರಿಯಾದ ಮಾತು. ತಮ್ಮ ಮೆಲ್ಲಗೆ, ಇದು ಎಬಿಎಸ್ ಪ್ಲಾಸ್ಟಿಕ್ಕು, ಅಸಿಟೋನ್ ತಗುಲಿದರೆ ಕರಗುತ್ತದೆ ಎಂದ. ತಂದೆಯವರು ನಂಬಲಿಲ್ಲ. ಒಳಗಡೆಯ, ಕಾಣದ ಮೂಲೆಯೊಂದಕ್ಕೆ ಬಟ್ಟೆಯಿಂದ ಥಿನ್ನರ್ ಒತ್ತಿ ನೋಡಿದರು. ಬೆಲ್ಲದ ಪಾಕದಂತೆ ಬೆರಳಿಗೆ ಅಂಟಿತು. “ಹೌದಲ್ಲೋ!” ಎಂದರು. ಆ ಒಂದು ಮಾತನ್ನು ತಮ್ಮ ಎಷ್ಟು ವರ್ಷಗಳಿಂದ ಕಾದಿದ್ದನೋ ನಾವು ಹೇಳಲಾರೆವು. ಮುಖ ತಿರುಗಿಸಿಕೊಂಡು ಒಳಗೆ ಹೋಗಿ ನೀರು ಕುಡಿದು ಬಂದ.

ಮುಂದಿನ ದಾರಿ ಉಜ್ಜುವುದು. ಬಚ್ಚಲುಮನೆಯಲ್ಲಿ ಬಕೆಟ್ಟಿನ ಸಾಬೂನುನೀರು, ಮೊದಲು ೪೦೦ರ ನೀರುಕಾಗದ, ಆಮೇಲೆ ೬೦೦ರದು. ತಂದೆಯವರು ಕನ್ನಡಕ ಏರಿಸಿಕೊಂಡು ಮಣೆಯ ಮೇಲೆ ಕುಳಿತು ಎರಡು ದಿನ ಉಜ್ಜಿದರು. ಮೂಲೆಗಳಿಗೆ ಕಾಗದವನ್ನು ಬೆಂಕಿಕಡ್ಡಿಗೆ ಸುತ್ತಿ ಹಾಯಿಸಿದರು. ಹೊಳಪು ಹೋಗಿ ಮೈಯೆಲ್ಲ ಒಂದೇ ಮಬ್ಬಾಗಬೇಕು, ಆದರೆ ಗೆರೆ ಬೀಳಬಾರದು. ಇಷ್ಟಾದ ಮೇಲೆ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ಬರಿಗೈಯಿಂದ ಮುಟ್ಟಕೂಡದೆಂದು ಮನೆಮಂದಿಗೆಲ್ಲ ಅಪ್ಪಣೆಯಾಯಿತು. ಬೆರಳಿನ ಜಿಡ್ಡು ಬಣ್ಣದ ಶತ್ರು.

ಬಿಳಿಯ ಪ್ರಶ್ನೆ ಬೇರೆ ಇತ್ತು. ತಮ್ಮ ತಂದಿದ್ದ ಡಬ್ಬಿಯ ಬಿಳಿಯನ್ನು ಹಾಲಿನ ಪುಡಿಯ ಡಬ್ಬದ ಮುಚ್ಚಳಕ್ಕೆ ಹೊಡೆದು, ಒಣಗಿಸಿ, ಪೆಟ್ಟಿಗೆಯ ಪಕ್ಕ ಹಿಡಿದರು. ಪೆಟ್ಟಿಗೆ ಹಾಲು; ಮುಚ್ಚಳ ಮಜ್ಜಿಗೆ. “ಬಿಳೇದು ಅಂದ್ರ ಒಂದೇ ಬಿಳೇದೇನು?” ಭಾರತೀಯ ಮಾನಕ ಐಎಸ್ ೫ರಲ್ಲಿ ಬಣ್ಣಗಳಿಗೆಲ್ಲ ಸಂಖ್ಯೆಗಳಿವೆ, ತಂದೆಯವರಿಗೆ ಅವು ಇಂದಿಗೂ ಬಾಯಿಪಾಠ. ಯುರೋಪಿನ ರಾಲ್ ಪಟ್ಟಿಯಲ್ಲಿಯೂ ೯೦೦೩, ೯೦೧೦, ೯೦೧೬ ಎಂದು ಬಿಳಿಯೇ ಮೂರು ಬಗೆ ಎಂದು ತಮ್ಮ ತೋರಿಸಿದ. ಅಪ್ಪ-ಮಗ ಒಂದೇ ಕೊಡೆಯಲ್ಲಿ ಅಂಗಡಿಗೆ ಹೋಗಿ ಬೇರೆ ಡಬ್ಬಿಯನ್ನೂ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರನ್ನೂ ತಂದರು.

ಈ ನಡುವೆ ಒಂದು ಮಾತು ಹೇಳಿಬಿಡುತ್ತೇವೆ. ಇಷ್ಟೆಲ್ಲ ಕಷ್ಟವೇಕೆ, ಕೆಂಪಾದರೇನು, ಕಪ್ಪಾದರೇನು ಎಂದು ನಮಗೂ ಅನಿಸಿತ್ತು. ಎಲ್ಲರ ರುಚಿ ಒಂದೇ ಅಲ್ಲ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಬೀಸಣಿಗೆಗಳು ಕಂದು ಮತ್ತು ಕೆನೆ. ನೋಡಿದವರೆಲ್ಲ ಹಾಸ್ಯ ಮಾಡಿದ ಆ ಬಣ್ಣಗಳಿಗೂ ಅಭಿಮಾನಿಗಳು ಹುಟ್ಟಿ, ೨೦೨೧ರಲ್ಲಿ ಏಸಸ್ ಕಂಪನಿ ಅವರೊಡನೆ ಸೇರಿ ಅದೇ ಕಂದು ಬಣ್ಣದ ಗ್ರಾಫಿಕ್ಸ್ ಕಾರ್ಡನ್ನೇ ಹೊರತಂದಿತು. ನಮ್ಮಾಕೆಗೆ ಅದೇ ಹಿಡಿಸಿತು. ಫಿಲ್ಟರ್ ಕಾಫಿಯ ಬಣ್ಣವಂತೆ.

ಮಳೆ ಬಿಡುವವರೆಗೆ ನಾಲ್ಕು ದಿನ ಕಾದದ್ದಾಯಿತು. ತಮ್ಮನ ಚಡಪಡಿಕೆ ಹೇಳತೀರದು. ತಿಂಗಳ ಕೊನೆ ಹತ್ತಿರ ಬರುತ್ತಿತ್ತು, ವರನ ಕಡೆಯವರು ಫೋನ್ ಮಾಡುತ್ತಿದ್ದರು. ತಂದೆಯವರು ಮಾತ್ರ ಮುಗಿಲು ನೋಡುವುದು, ಬೇಡವೆನ್ನುವುದು. ಐದನೆಯ ದಿನ ಬಿಸಿಲು ಕಂಡಿತು. ಗ್ಯಾಲರಿಯಲ್ಲಿ ತಂತಿಗೆ ಅಂಗಿಯನ್ನು ತೂಗಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿ, ಒಳಗೆ ಅಡಿಗೆಯ ಒಲೆ ಆರಿಸಿ, ಡಬ್ಬಿಯನ್ನು ಎರಡು ನಿಮಿಷ ಅಲುಗಿಸಿ ಸಿದ್ಧರಾದರು. ಡಬ್ಬಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿಟ್ಟಿದ್ದರು. ಬಿಸಿನೀರಿನಲ್ಲಿ ಇಡಕೂಡದು, ಸಿಡಿಯುತ್ತದೆ. ಒಂದಡಿ ದೂರ. ಒತ್ತುವುದು ಅಂಚಿನ ಹೊರಗಿನಿಂದ ಆರಂಭ, ಬಿಡುವುದೂ ಅಂಚು ದಾಟಿದ ಮೇಲೆ. ಕೈ ಒಂದೇ ವೇಗದಲ್ಲಿ ಹೋಗಬೇಕು. ಮೊದಲ ಕೋಟಿನಲ್ಲಿ ಕೆಂಪು ಇನ್ನೂ ಇಣುಕುತ್ತಿತ್ತು. ತಮ್ಮ “ಇನ್ನೊಂದಿಷ್ಟು” ಎಂದ. “ಕಾಣಲಿ ಬಿಡು” ಎಂದರು. ಹದಿನೈದು ನಿಮಿಷ ಬಿಟ್ಟು ಎರಡನೆಯದು; ಮತ್ತೆ ಹದಿನೈದು ನಿಮಿಷ. ಮೂರನೆಯ ಕೋಟು ಹೊಡೆಯುವಾಗ ತಂದೆಯವರು ಡಬ್ಬಿಯನ್ನು ತಮ್ಮನ ಕೈಗೆ ಕೊಟ್ಟು ಹಿಂದೆ ನಿಂತರು. ಮೊಣಕೈಯನ್ನಷ್ಟೇ ಹಿಡಿದಿದ್ದರು.

ಒಣಗಿಸಲು ಒಳಗೆ ತಂದದ್ದು ನಮ್ಮ ಮಲಗುವ ಕೋಣೆಗೆ, ಏಕೆಂದರೆ ಗಾಳಿಯ ತೇವ ಹೀರುವ ಏಸಿ ಇದ್ದದ್ದು ಅಲ್ಲಿಯೇ. ವಾಸನೆಗೆ ನಾವು ದಂಪತಿಗಳು ಮೂರು ರಾತ್ರಿ ಅಡಿಗೆಮನೆಯಲ್ಲಿ ಮಲಗಿದೆವು. ಮರುದಿನವೇ ಜೋಡಿಸುತ್ತೇನೆಂದು ತಮ್ಮ ಹಟ ಹಿಡಿದ. “ಒಣಗೇದ ಅಂತ ಕೈಗೆ ಅನಸತದ. ಒಳಗ ಒಣಗಿರೂದಿಲ್ಲ” ಎಂದು ಒಂದು ವಾರ ಮುಟ್ಟಗೊಡಲಿಲ್ಲ.

ಜೋಡಿಸುವ ದಿನ ತಂದೆಯವರು ಬ್ಯಾಟರಿ ಹಿಡಿದರು, ತಮ್ಮ ಕೆಲಸ ಮಾಡಿದ. ಬಿಲ್ಲೆಯ ಮೇಲಿನ ಹಳೆಯ, ಒಣಗಿ ಸೀಳಿದ್ದ ಥರ್ಮಲ್ ಪೇಸ್ಟನ್ನು ಒರಸಿ, ಬಟಾಣಿಯಷ್ಟು ಹೊಸದನ್ನು ಇಟ್ಟು, ತಟ್ಟೆಯನ್ನು ಒರಗಿಸಿದ. ಸ್ಪ್ರಿಂಗ್ ಸ್ಕ್ರೂ ನಾಲ್ಕು. ಒಂದನ್ನು ಸ್ವಲ್ಪ, ಎದುರು ಮೂಲೆಯದನ್ನು ಸ್ವಲ್ಪ ಎಂದು ಬಿಗಿದ. ಇಲ್ಲದಿದ್ದರೆ ಒಂದೇ ಕಡೆ ಭಾರ ಬಿದ್ದು ಬಿಲ್ಲೆ ಬಿರಿಯಬಹುದು. ತಂದೆಯವರು ತಲೆದೂಗಿದರು. ಗುಂಡಿ ಒತ್ತಿದ. ಬೀಸಣಿಗೆಗಳು ತಿರುಗಲಿಲ್ಲ, ಪರದೆ ಕಪ್ಪು.

ಆ ಮೌನದಲ್ಲಿ ನಾವು ಆರೂವರೆ ಸಾವಿರವನ್ನೂ, ತಿಂಗಳ ಕೊನೆಯನ್ನೂ, ವರನ ಕಡೆಯವರನ್ನೂ ನೆನೆದೆವು. ತಂದೆಯವರ ಮುಖ ಸಣ್ಣದಾಯಿತು. ತಮ್ಮಿಂದ ಏನಾದರೂ ಕೆಟ್ಟಿತೇ ಎಂಬ ಅಂಜಿಕೆ ಅದು. ತಮ್ಮ ಮತ್ತೆ ಎಲ್ಲ ಬಿಚ್ಚಲು ಹೊರಟಾಗ ನಮ್ಮಾಕೆ, “ಆ ಬಿಳೀ ತಂತಿ ಯಾವುದು, ಹಾಗೇ ನೇತಾಡ್ತಿದೆಯಲ್ಲ?” ಎಂದಳು. ಕಾರ್ಡಿಗೆ ವಿದ್ಯುತ್ತು ಕೊಡುವ ಎಂಟು ಕಡ್ಡಿಯ ತಂತಿ! ಅದನ್ನು ಚುಚ್ಚಿದ ಕೂಡಲೆ ದೀಪ ಬಂತು.

ಬಿಡಿ ಭಾಗಗಳೆಲ್ಲ ಬಿಳಿಯಾಗಿ ಕೂಡಿಕೊಂಡ ಆ ಪೆಟ್ಟಿಗೆಯಲ್ಲಿ ಕಾರ್ಡು ಎಲ್ಲಿದೆಯೆಂದು ಹುಡುಕಬೇಕಾಯಿತು. ದುಡಿಯುವಾಗ ಮೊದಲು ೮೧ ಡಿಗ್ರಿ ಏರುತ್ತಿದ್ದ ಶಾಖ ಈಗ ೭೩ಕ್ಕೆ ನಿಂತಿತು. ಬಣ್ಣದ ಪುಣ್ಯವೆಂದು ನಾವೆಂದೆವು. ಬಣ್ಣದ್ದಲ್ಲ, ಹೊಸ ಪೇಸ್ಟಿನದು ಎಂದು ತಮ್ಮ ತಿದ್ದಿದ. ತಂದೆಯವರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗಾಜಿಗೆ ಮುಖವೊಡ್ಡಿ, ಕೆಳಗಿನ ಅಂಚಿನಲ್ಲಿ ಒಂದು ಕಡೆ ಕೋಟು ತೆಳುವಾಯಿತೆಂದು ತೋರಿಸುತ್ತಿದ್ದರು. ನಮಗೆ ಕಾಣಲಿಲ್ಲ.

ಮದುವೆಯ ಕೆಲಸ ಮೂರು ದಿನ ತಡವಾಗಿ ಹೋಯಿತು. ವರನ ಕಡೆಯವರು ನೂರಾರು ಮಾತಾಡಿ ಹಣ ಕೊಟ್ಟರು. ತಮ್ಮನ ಗೆಳೆಯರಿಬ್ಬರು ಕಾರ್ಡನ್ನು ನೋಡಿ ಹೋದವರು ತಮ್ಮ ತಮ್ಮವನ್ನು ತಂದುಕೊಟ್ಟಿದ್ದಾರೆ. ಒಂದಕ್ಕೆ ಬಿಳಿ, ಇನ್ನೊಂದಕ್ಕೆ ತಿಳಿನೀಲಿ ಬೇಕಂತೆ. ದಸರೆಗೆ ಹುಬ್ಬಳ್ಳಿಗೆ ಹೋಗಲು ತಂದೆಯವರು ತೆಗೆಸಿದ ಟಿಕೆಟ್ಟು ಕಪಾಟಿನಲ್ಲಿದೆ. ಹೋಗುತ್ತೀರಾ ಎಂದು ನಿನ್ನೆ ಕೇಳಿದೆವು. ಮಣೆಯ ಮೇಲಿಂದ ತಲೆಯೆತ್ತದೆ, ೬೦೦ರ ಕಾಗದ ಮುಗಿದಿದೆ, ಕಚೇರಿಯಿಂದ ಬರುವಾಗ ನಾಲ್ಕು ಹಾಳೆ ತಾ ಎಂದರು.