ಬೀದಿಯಲ್ಲೊಂದು ಪಾಠ

ಪರದೆ, ಬಣ್ಣ, ದೀಪಗಳಿಲ್ಲದೆ ನಾಟಕವಾಡಲು ಸಾಧ್ಯವೇ? ಸಾಧ್ಯವೆಂದು ದೆಹಲಿಯ ಜನ ನಾಟ್ಯ ಮಂಚ್ 1978ರಲ್ಲಿ 'ಮಶೀನ್' ಆಡಿ ತೋರಿಸಿತು. ಸೈಕಲ್ ನಿಲ್ಲಿಸಲು ಜಾಗ, ಚಹಾಕ್ಕೊಂದು ಕ್ಯಾಂಟೀನ್ ಕೇಳಿದ ಕಾರ್ಮಿಕರು ಗುಂಡಿಗೆ ಬಲಿಯಾದ ಘಟನೆಯೇ ಅದಕ್ಕೆ ಪ್ರೇರಣೆ. ನಟರ ಕೈಕಾಲುಗಳೇ ಯಂತ್ರದ ಭಾಗಗಳು; ಸದ್ದೂ ಅವರ ಬಾಯಿಂದಲೇ. ಭಾಗಗಳು ಮುನಿದರೆ ಯಂತ್ರ ನಿಲ್ಲುತ್ತದೆ. ಸುಮಾರು 13 ನಿಮಿಷಗಳಲ್ಲಿ ಪಾಠ ಮುಗಿಯುತ್ತದೆ!

ಆ ತಂಡ ಇದಕ್ಕೆ ಬೆಲೆಯನ್ನೂ ತೆತ್ತಿತು. 1989ರ ಜನವರಿ 1ರಂದು ಸಾಹಿಬಾಬಾದಿನಲ್ಲಿ 'ಹಲ್ಲಾ ಬೋಲ್' ನಡೆಯುತ್ತಿದ್ದಾಗ ಹಲ್ಲೆಗೊಳಗಾದ ಸಫ್ದರ್ ಹಾಶ್ಮಿ ಮರುದಿನ ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮೊಲೊಯಶ್ರೀ ತಂಡದೊಡನೆ ಅಲ್ಲಿಗೇ ಹೋಗಿ, ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿಗೊಳಿಸಿದರು.

ವರದಕ್ಷಿಣೆ, ಅಸ್ಪೃಶ್ಯತೆಯ ಬಗ್ಗೆ ನಾಟಕ ಕಟ್ಟುತ್ತೇವೆಂದು ಮಕ್ಕಳು ಹೊರಟರೆ 'ಓದು ಕೆಡುತ್ತದೆ' ಎಂದು ತಂದೆತಾಯಿಯರು ತಡೆಯದಿರಲಿ. ಅದೂ ಓದಿನ ಭಾಗವೇ.