ಬಾಡಿಗೆ ಕರಾರಿನ ಅವಧಿ ಮುಕ್ತಾಯ: ಮಾಲೀಕರು ನೋಟೀಸು ನೀಡಬೇಕಾದ ಸಂದರ್ಭಗಳು

ಕರ್ನಾಟಕದಲ್ಲಿ ಮನೆಗಳನ್ನು 11 ತಿಂಗಳ ಕರಾರಿನ ಮೇಲೆ ಬಾಡಿಗೆಗೆ ನೀಡುವ ಪದ್ಧತಿ ರೂಢಿಯಲ್ಲಿದೆ. ಅವಧಿ ಮುಗಿದ ನಂತರ ಮನೆಯನ್ನು ತೆರವುಗೊಳಿಸಲು ನೋಟೀಸು ಅವಶ್ಯವೇ ಎಂಬ ಬಗ್ಗೆ ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಉಪಬಂಧಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

1. ನೋಟೀಸು ಅವಶ್ಯವಿಲ್ಲದ ಸಂದರ್ಭ
ಕರಾರಿನಲ್ಲಿ ನಿಗದಿಪಡಿಸಿದ ಅವಧಿ ಮುಗಿದೊಡನೆ ಗೇಣಿಯು ತಾನಾಗಿಯೇ ಕೊನೆಗೊಳ್ಳುತ್ತದೆ (ಪ್ರಕರಣ 111). ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ ಪ್ರತ್ಯೇಕ ನೋಟೀಸು ಕಡ್ಡಾಯವಲ್ಲ. ಆದುದರಿಂದ, ನೋಟೀಸು ಬಂದಿಲ್ಲವೆಂಬ ಕಾರಣಕ್ಕೆ ಅವಧಿ ವಿಸ್ತರಣೆಯಾಗಿದೆ ಎಂದು ಬಾಡಿಗೆದಾರರು ಭಾವಿಸತಕ್ಕದ್ದಲ್ಲ.

2. ನೋಟೀಸು ಅವಶ್ಯವಿರುವ ಸಂದರ್ಭ
ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಸ್ವೀಕರಿಸಿದಲ್ಲಿ ಅಥವಾ ಅನ್ಯಥಾ ವಾಸಕ್ಕೆ ಸಮ್ಮತಿಸಿದಲ್ಲಿ, ವಿರುದ್ಧ ಒಪ್ಪಂದವಿಲ್ಲದಿದ್ದರೆ, ವಾಸದ ಮನೆಯ ಗೇಣಿಯು ತಿಂಗಳಿಂದ ತಿಂಗಳಿಗೆ ನವೀಕರಣಗೊಳ್ಳುತ್ತದೆ (ಪ್ರಕರಣ 116). ಉದಾಹರಣೆಗೆ, ಮಾರ್ಚ್ 31ಕ್ಕೆ ಕರಾರು ಮುಗಿದಿದ್ದು, ಏಪ್ರಿಲ್ ಮತ್ತು ಮೇ ತಿಂಗಳ ಬಾಡಿಗೆಯನ್ನು ವಾಸ ಮುಂದುವರಿಸುವ ಸಮ್ಮತಿಯೊಂದಿಗೆ ಪಡೆದಿದ್ದಲ್ಲಿ, ಆನಂತರ ಮನೆ ತೆರವುಗೊಳಿಸಲು 15 ದಿನಗಳ ನೋಟೀಸು ನೀಡಬೇಕಾಗುತ್ತದೆ (ಪ್ರಕರಣ 106).

3. ನೋಟೀಸು ನೀಡುವ ಕ್ರಮ
ಅ) ನೋಟೀಸು ಲಿಖಿತವಾಗಿದ್ದು, ನೀಡುವವರ ಅಥವಾ ಅವರ ಪರವಾದ ಸಹಿ ಇರತಕ್ಕದ್ದು.
ಆ) ಅಂಚೆಯ ಮೂಲಕ ಕಳುಹಿಸಬಹುದು, ಬಾಡಿಗೆದಾರರಿಗೆ ಖುದ್ದಾಗಿ ಅಥವಾ ಅವರ ನಿವಾಸದಲ್ಲಿ ಕುಟುಂಬದ ಸದಸ್ಯರಿಗೆ ತಲುಪಿಸಬಹುದು. ಇದು ಸಾಧ್ಯವಾಗದಿದ್ದಲ್ಲಿ ಕಟ್ಟಡದ ಎದ್ದು ಕಾಣುವ ಭಾಗದಲ್ಲಿ ಅಂಟಿಸಬಹುದು.
ಇ) ನೋಟೀಸು ಸ್ವೀಕರಿಸಿದ ದಿನಾಂಕದಿಂದ 15 ದಿನಗಳನ್ನು ಎಣಿಸಲಾಗುವುದು.

4. ಮಾಲೀಕರ ಗಮನಕ್ಕೆ
ನೋಟೀಸಿನ ಅವಧಿ ಮುಗಿದ ನಂತರದ ಬಾಡಿಗೆಯನ್ನು ಸ್ವೀಕರಿಸಿದಲ್ಲಿ ನೋಟೀಸನ್ನು ಕೈಬಿಟ್ಟಂತೆ ಪರಿಗಣಿಸಲು ಅವಕಾಶವಿದೆ (ಪ್ರಕರಣ 113). ಅವಧಿ ಮುಗಿದಿದ್ದರೂ ಬೀಗ ಹಾಕುವುದು, ಸಾಮಾನು ಹೊರಹಾಕುವುದು ಮುಂತಾದ ಬಲವಂತದ ಕ್ರಮಗಳಿಗೆ ಅವಕಾಶವಿಲ್ಲ. ಬಾಡಿಗೆದಾರರು ತೆರವುಗೊಳಿಸದಿದ್ದಲ್ಲಿ ನ್ಯಾಯಾಲಯದ ಮೊರೆಹೋಗತಕ್ಕದ್ದು.

5. ಬಾಡಿಗೆದಾರರ ಗಮನಕ್ಕೆ
ಕಾನೂನು ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ ಪ್ರಕರಣ 6ರ ಅಡಿಯಲ್ಲಿ 6 ತಿಂಗಳೊಳಗೆ ಸ್ವಾಧೀನಕ್ಕಾಗಿ ದಾವೆ ಹೂಡಬಹುದು. ಬಾಡಿಗೆ ಪಾವತಿಯ ರಸೀದಿಗಳನ್ನು, ಕರಾರು ಪತ್ರವನ್ನು ಹಾಗೂ ನೋಟೀಸು ಬಂದ ಲಕೋಟೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ವಿ.ಸೂ.: ಕರ್ನಾಟಕ ಬಾಡಿಗೆ ಅಧಿನಿಯಮ, 1999 ಅನ್ವಯವಾಗುವ ಕಟ್ಟಡಗಳಲ್ಲಿ, ಆ ಅಧಿನಿಯಮದಲ್ಲಿ ಹೇಳಿರುವ ಕಾರಣಗಳಿದ್ದಲ್ಲಿ ಮಾತ್ರ ನ್ಯಾಯಾಲಯದ ಆದೇಶದ ಮೂಲಕ ತೆರವುಗೊಳಿಸಬಹುದಾಗಿದೆ. ಅರ್ಹ ನಾಗರಿಕರು ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವೆಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸಿ ಉಚಿತ ಕಾನೂನು ನೆರವು ಪಡೆಯಬಹುದು.